ಎರಡೂವರೆ ಗಂಟೆಯ ದಿಲ್ಲಿ

ಬೆಳಗಾವಿಯಿಂದ ದಿಲ್ಲಿಗೆ ವಿಮಾನದಲ್ಲಿ ಎರಡೂವರೆ ಗಂಟೆ. ಈ ಮಾತನ್ನು ಯಾರಾದರೂ ನನ್ನೆದುರು ಸಲೀಸಾಗಿ ಆಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹೋದ ವರ್ಷ ಜಮಖಂಡಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ಹೆಂಡತಿಯ ಕಡೆಯ ನೆಂಟರೊಬ್ಬರು. ಅವರು ಸಜ್ಜಕಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ, "ಈಗೇನ್ರಿ ಮಾಸ್ತರ್ರ, ದಿಲ್ಲಿ ಅಂದ್ರ ಎರಡೂವರಿ ತಾಸು. ಅಷ್ಟಕ್ಕ ನಿಮ್ಮ ಹುಡುಗಿ ದಣದು ಸೋತ್ಲಂತ?" ಎಂದು ನಕ್ಕರು. ನಾನು ಎಲೆಯ ಮುಂದಿನಿಂದ ಎದ್ದುಬಿಟ್ಟೆ. ಹೆಂಡತಿ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಉಣ್ಣೂದು ಬಿಟ್ಟು ಏಳೂದಂದ್ರ ಏನ್ರೀ? ಅವ್ರೇನ್ ನಿಮ್ಮನ್ನ ಹೊಡದ್ರೇನು?" ಎಂದು ಕೇಳಿದಳು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಅವಳಿಗೂ ಗೊತ್ತಿತ್ತು.

ನಾನು ಬನಹಟ್ಟಿಯವನು. ನಮ್ಮದು ನೇಕಾರರ ಮನೆ. ಅಪ್ಪ ಕೈಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯ್ದವನು, ಅಣ್ಣ ಪವರ್‌ಲೂಮ್ ಹಾಕಿದವನು, ನಾನು ರಬಕವಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ರೈಲು ಇನ್ನೂ ಬರಬೇಕಾಗಿರುವ ಊರಿನ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ರೈಲಿನ ವೇಗದ ಲೆಕ್ಕ ಕಲಿಸುತ್ತಿದ್ದೇನೆ. ಇಬ್ಬರು ಮಕ್ಕಳಲ್ಲಿ ಹಿರಿಯವಳು ಹನ್ನೆರಡನೆಯ ವಯಸ್ಸಿಗೆ ಸೈಕಲ್ ರೇಸಿಗೆ ಬಿದ್ದಳು. ಜಮಖಂಡಿಯಲ್ಲಿ ಒಬ್ಬ ಹಳೆಯ ಸೈಕಲ್ ಪಟು ಇದ್ದಾರೆ, ತಮ್ಮ ಕಾಲದಲ್ಲಿ ರಾಜ್ಯಕ್ಕೆ ಆಡಿದವರು. ಶಾಲೆಯ ಕ್ರೀಡಾಕೂಟದಲ್ಲಿ ಅವಳ ಓಟ ನೋಡಿ, "ಈ ಹುಡುಗಿ ಕಾಲು ಸೈಕಲ್ಲಿಗೆ ಮಾಡಿದ್ದು, ನನಗ ಕೊಡ್ರಿ" ಎಂದರು. ನಾವೂ ಅವರನ್ನು ಗುರುಗಳು ಎಂದೇ ಕರೆಯತೊಡಗಿದೆವು.

ನನ್ನ ಅವ್ವ ಮೊದಲು ಒಪ್ಪಲಿಲ್ಲ. ಮೊಳಕಾಲ ಮೇಲಿನ ಚಡ್ಡಿ ಹಾಕಿಕೊಂಡು ಹೆಣ್ಣುಮಗಳು ಪೇಟೆಯ ಹಾದಿಯಲ್ಲಿ ಹೋಗುವುದೆಂದರೆ ಅವಳಿಗೆ ನೆರೆಮನೆಯವರ ಮುಖ ನೋಡಲು ಆಗುತ್ತಿರಲಿಲ್ಲ. ಆದರೆ ಮೊದಲ ಪದಕ ಬಂದ ದಿನದಿಂದ ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ.

ಐದು ವರ್ಷ ನಾನು ದಿನಾ ನಸುಕಿನಲ್ಲಿ ಮೋಟರ್‌ಸೈಕಲ್ ಮೇಲೆ ಅವಳ ಹಿಂದೆ ಹೋಗಿದ್ದೇನೆ. ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಮುಧೋಳ, ಮುಧೋಳದಿಂದ ಮಹಾಲಿಂಗಪುರ ಮಾಡಿಕೊಂಡು ಮತ್ತೆ ಮನೆ. ಭಾನುವಾರವಾದರೆ ಬೀಳಗಿಯವರೆಗೆ. ಕಬ್ಬು ಅರೆಯುವ ದಿನಗಳಲ್ಲಿ ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆಯ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುತ್ತವೆ. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಹಾಡು ಮಾತ್ರ ಕಿವಿ ಹರಿಯುವಷ್ಟು ಜೋರು. ಎರಡು ಸಲ ಅವಳು ರಸ್ತೆ ಬಿಟ್ಟು ಕಬ್ಬಿನ ಹೊಲಕ್ಕೆ ಇಳಿದು ಬಿದ್ದಿದ್ದಾಳೆ. ಮೊಳಕೈ ಕಿತ್ತುಹೋದರೂ ಮೊದಲು ಎದ್ದು ನೋಡುತ್ತಿದ್ದುದು ಸೈಕಲ್ಲಿನ ಗಾಲಿಯನ್ನು. ಆ ಸೈಕಲ್ ಗುರುಗಳ ಪರಿಚಯದವರೊಬ್ಬರು ಬಳಸಿ ಬಿಟ್ಟದ್ದು. ಅದನ್ನು ತಂದ ಮೇಲೆ ಗುರುಗಳು ಎರಡು ವಾರ ಕೂತು ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ, ಪೆಡಲಿನ ಕೋನ ಎಲ್ಲವನ್ನೂ ಅವಳ ಮೈಗೆ ಕೂಡಿಸಿದ್ದರು. ಬೆರಳಿನ ಅಗಲದಷ್ಟು ವ್ಯತ್ಯಾಸವಾದರೂ ಮೊಳಕಾಲು ಹಿಡಿಯುತ್ತದೆ ಎಂದು ಹೇಳಿ, ಸೀಟಿನ ಕಂಬಿಗೆ ಉಗುರಬಣ್ಣದಿಂದ ಗೆರೆ ಎಳೆದಿದ್ದರು.

ಹದಿನೇಳು ತುಂಬಿದ ವರ್ಷ ಅವಳು ರಾಜ್ಯದ ಪಂದ್ಯದಲ್ಲಿ ಎರಡನೆಯವಳಾದಳು. ದಿಲ್ಲಿಯಲ್ಲಿ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಕಿರಿಯರ ಆಯ್ಕೆ ನಡೆಯುತ್ತದೆ, ನಮ್ಮ ರಾಜ್ಯದಿಂದ ನಾಲ್ಕು ಹುಡುಗಿಯರನ್ನು ಕಳಿಸುತ್ತಾರೆ, ಅದರಲ್ಲಿ ಇವಳೂ ಒಬ್ಬಳು ಎಂದು ಗೊತ್ತಾಯಿತು. ಮುಂದಿನ ವರ್ಷ ಅವಳಿಗೆ ಕಿರಿಯರ ವಯಸ್ಸು ದಾಟುತ್ತಿತ್ತು. ಇದೊಂದೇ ಅವಕಾಶ. ತಾರೀಖು ಮಾತ್ರ ಯಾರೂ ಹೇಳಲಿಲ್ಲ.

ರಾಜ್ಯದ ಸಂಘದ ಕಾರ್ಯದರ್ಶಿ ಬೆಂಗಳೂರಿನವರು. ಪ್ರತಿ ಸೋಮವಾರ ಶಾಲೆ ಬಿಟ್ಟ ಮೇಲೆ ಅವರಿಗೆ ಫೋನ್ ಮಾಡುತ್ತಿದ್ದೆ. "ಹೇಳ್ತೀವಿ ಬಿಡಿ ಮೇಷ್ಟ್ರೇ, ಲೆಟರ್ ಬಂದ್ರೆ ನಾವೇ ಫೋನ್ ಮಾಡ್ತೀವಿ" ಎಂದು ಪ್ರತಿ ಸೋಮವಾರ ಅವರು ಹೇಳುತ್ತಿದ್ದರು. ಆರು ಸೋಮವಾರ ಹೀಗೆ ಹೋದವು. ಆರನೆಯ ವಾರದ ಮಂಗಳವಾರ ಮಧ್ಯಾಹ್ನ, ನಾನು ಒಂಬತ್ತನೆಯ ತರಗತಿಯಲ್ಲಿ ಇದ್ದಾಗ ಅವರ ಫೋನ್ ಬಂತು.

"ಗುರುವಾರ ಬೆಳಿಗ್ಗೆ ಏಳು ಗಂಟೆಗೆ ರಿಪೋರ್ಟಿಂಗ್ ಮೇಷ್ಟ್ರೇ. ಮಗಳನ್ನ ಕಳಿಸಿಕೊಡಿ."

"ಯಾವ ಗುರುವಾರ ಸರ್?"

"ನಾಡಿದ್ದು."

ಚಾಕ್‌ಪೀಸ್ ಕೈಯಲ್ಲೇ ಇತ್ತು. ನಾನು ವರಾಂಡಕ್ಕೆ ಬಂದೆ. "ಸರ್, ನಾವು ಬನಹಟ್ಟಿಯವರು. ಮಿರಜಕ್ಕೆ ಹೋಗಿ ರೈಲು ಹಿಡಿದರೂ ಗುರುವಾರ ರಾತ್ರಿ ಮುಟ್ಟುತ್ತೇವೆ" ಎಂದೆ.

"ಟ್ರೈನ್ ಯಾಕೆ ಸಾರ್? ಬೆಳಗಾವಿಯಿಂದ ಡೈರೆಕ್ಟ್ ಫ್ಲೈಟ್ ಇದೆಯಲ್ಲ. ಎರಡೂವರೆ ಗಂಟೆ. ನಾಳೆ ಹತ್ತಿಸಿ, ಸಂಜೆ ದೆಹಲೀಲಿ ಇರ್ತಾಳೆ. ನೀವು ಊರ ಕಡೆಯವರು ಸುಮ್ನೆ ಗಾಬರಿ ಆಗ್ತೀರ."

ಫೋನ್ ಇಟ್ಟರು. ಆ ಮನುಷ್ಯನಿಗೆ ಬೈಯಬೇಕಾದದ್ದು ಅವತ್ತು. ಬೈಯಲಿಲ್ಲ. ಬೈದರೆ ಪಟ್ಟಿಯಿಂದ ಮಗಳ ಹೆಸರು ತೆಗೆದುಬಿಟ್ಟಾರು ಎಂದು ಬಾಯಿ ಮುಚ್ಚಿಕೊಂಡು, "ಆಯ್ತು ಸರ್, ಥ್ಯಾಂಕ್ಸ್ ಸರ್" ಎಂದೆ. ಆ ಥ್ಯಾಂಕ್ಸ್ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಬುಧವಾರ ಮಧ್ಯಾಹ್ನ ಒಂದೂವರೆಯ ವಿಮಾನದಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ಮಗಳು ಒಬ್ಬಳೇ ಹೋಗಬೇಕು. ವಿಮಾನವನ್ನು ಅವಳು ಅಲ್ಲಿಯವರೆಗೆ ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ದಿಲ್ಲಿಯಲ್ಲಿ ಇಳಿದ ಮೇಲೆ ನಮ್ಮ ರಾಜ್ಯದ ತಂಡದ ಮ್ಯಾನೇಜರ್ ಬಂದು ಕರೆದೊಯ್ಯುತ್ತಾರೆ ಎಂದು ಗುರುಗಳು ಫೋನಿನಲ್ಲಿ ಮಾತಾಡಿ ಗಟ್ಟಿ ಮಾಡಿದರು. ಸಂಜೆಯೇ ಅವರು ಜಮಖಂಡಿಯಿಂದ ಬಂದು ಸೈಕಲ್ ಬಿಚ್ಚಲು ಕೂತರು. ಅಣ್ಣನ ಮಗ್ಗದ ಮನೆಯಿಂದ ನೂಲಿನ ಕೋನು ಬರುವ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ತಂದು, ಎರಡನ್ನು ಸೇರಿಸಿ ಟೇಪು ಸುತ್ತಿ ಒಂದು ಮಾಡಿದೆವು. ಗಾಲಿ ಬೇರೆ, ಪೆಡಲ್ ಬೇರೆ, ಸೀಟು ಬೇರೆ. ಅವ್ವ ತನ್ನ ಎರಡು ಹಳೆಯ ಸೀರೆಗಳನ್ನು ಕೊಟ್ಟು ಕಂಬಿಗಳಿಗೆ ಸುತ್ತಿಸಿದಳು. ವಿಮಾನದಲ್ಲಿ ಸೈಕಲ್ ಒಯ್ಯಲು ಮೊದಲೇ ಹೇಳಿ ಬರೆಸಬೇಕು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುರುಗಳು ತಮ್ಮ ಕಾಲದಲ್ಲಿ ಸೈಕಲ್ಲನ್ನು ರೈಲಿನ ಲಗೇಜ್ ಡಬ್ಬಿಗೆ ಹಾಕಿ ದೇಶ ಸುತ್ತಿದವರು. ಗೊತ್ತಿದ್ದ ಆ ಕಾರ್ಯದರ್ಶಿ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಕ್ರೂಸರ್ ಗಾಡಿಯ ಹಿಂದೆ ಪೆಟ್ಟಿಗೆ ಹಾಕಿಕೊಂಡು ಹೊರಟೆವು. ಮೂರೂವರೆ ತಾಸಿನ ಹಾದಿ. ಹತ್ತೂವರೆಗೆ ಸಾಂಬ್ರಾದ ವಿಮಾನ ನಿಲ್ದಾಣ ಮುಟ್ಟಿದರೂ ಬೇಕಾದಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಮಹಾಲಿಂಗಪುರ ದಾಟಿ ಒಂದಿಷ್ಟು ದೂರ ಹೋಗುವುದರೊಳಗೆ ಗಾಡಿ ನಿಂತಿತು. ಮುಂದೆ ಕಬ್ಬಿನ ಟ್ರೇಲರ್ ಒಂದು ರಸ್ತೆಗೆ ಅಡ್ಡ ಮಗುಚಿ ಬಿದ್ದಿತ್ತು. ಅದರ ಹಿಂದೆ ಹತ್ತು ಟ್ರ್ಯಾಕ್ಟರು, ಅವುಗಳ ಹಿಂದೆ ಬಸ್ಸು, ಲಾರಿ, ಬೆಲ್ಲದ ಟೆಂಪೋ, ಶಾಲೆಯ ವ್ಯಾನು. ಕಬ್ಬು ಎತ್ತಲು ಆಳು ಬರಬೇಕು, ಕ್ರೇನ್ ಬರಬೇಕು ಎಂದು ಎಲ್ಲರೂ ಕೈ ಕಟ್ಟಿ ನಿಂತಿದ್ದರು.

ನಾನು ಇಳಿದು ಮುಂದಕ್ಕೆ ಓಡಿದೆ. ಟ್ರ್ಯಾಕ್ಟರಿನವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಒಂದ್ ಬಾಜೂ ಆದ್ರೂ ಬಿಡಸೂ, ನನ್ನ ಮಗಳ ವಿಮಾನ ತಪ್ಪತೈತಿ" ಎಂದೆ.

"ವಿಮಾನ ಮ್ಯಾಲ ಹೋಗ್ತೈತೆಲ್ರಿ ಸಾಹೇಬ್ರ, ಅದಕ್ಕೇನ್ ನನ್ನ ಕಬ್ಬು ಅಡ್ಡ ಬಂದೈತಿ?" ಎಂದ. ಸುತ್ತ ನಿಂತವರು ನಕ್ಕರು.

ಅವನ ಕೊರಳಪಟ್ಟಿ ಹಿಡಿಯಲು ಕೈ ಎತ್ತಿದ್ದೆ. ಹಿಂದಿನಿಂದ ಮಗಳು ಬಂದು ನನ್ನ ಮೊಳಕೈ ಹಿಡಿದಳು. "ಅಪ್ಪಾ, ಕಬ್ಬ ಎತ್ತೂಣ ಬಾ" ಎಂದವಳೇ ಬಾಗಿ ಎರಡು ಕೈಯಲ್ಲಿ ಕಬ್ಬಿನ ಗಳ ತಬ್ಬಿ ರಸ್ತೆಯಂಚಿಗೆ ಎಸೆಯತೊಡಗಿದಳು. ಅವಳನ್ನು ನೋಡಿ ಬಸ್ಸಿನಿಂದ ನಾಲ್ಕೈದು ಜನ ಇಳಿದರು. ಆಮೇಲೆ ಚಹಾ ಕುಡಿಯುತ್ತಿದ್ದವನೂ ಬಂದ. ಒಂದು ಗಾಡಿ ಹೋಗುವಷ್ಟು ಹಾದಿ ಮಾಡುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಮಗಳ ಅಂಗೈ ಕಬ್ಬಿನ ರವದಿಯ ಗರಿಗೆ ಕೊಯ್ದು ಗೆರೆಗೆರೆಯಾಗಿತ್ತು. ನಾಳೆ ಹ್ಯಾಂಡಲ್ ಹಿಡಿಯಬೇಕಾದ ಕೈಗಳು ಅವು. ಗಾಡಿಯಲ್ಲಿ ಅವಳು ಆ ಕೈಗಳನ್ನು ನನಗೆ ಕಾಣದಂತೆ ಮಡಚಿಕೊಂಡು ಕೂತಳು.

ಸಾಂಬ್ರಾ ಮುಟ್ಟಿದಾಗ ಹನ್ನೆರಡೂ ಕಾಲು ದಾಟಿತ್ತು. ಹನ್ನೆರಡೂವರೆಗೆ ಕೌಂಟರ್ ಮುಚ್ಚುತ್ತದೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿದ್ದ ಪೊಲೀಸಿನವನು ನನ್ನನ್ನು ತಡೆದ. ಮಗಳು ಒಬ್ಬಳೇ ಪೆಟ್ಟಿಗೆಯ ತಳ್ಳುಗಾಡಿಯನ್ನು ನೂಕಿಕೊಂಡು ಹೋದಳು. ಗಾಜಿನ ಆಚೆ ಅವಳು ಕೌಂಟರಿನ ಮುಂದೆ ನಿಂತದ್ದು, ಅಲ್ಲಿದ್ದ ನೀಲಿ ಕೋಟಿನ ಹುಡುಗಿ ಪೆಟ್ಟಿಗೆಯನ್ನು ನೋಡಿ ಅಡ್ಡ ತಲೆಯಾಡಿಸಿದ್ದು, ಮಗಳು ಏನೋ ಕೇಳಿದ್ದು, ಆ ಹುಡುಗಿ ಮತ್ತೆ ತಲೆಯಾಡಿಸಿದ್ದು ಎಲ್ಲ ಕಂಡಿತು. ಮಾತು ಕೇಳಿಸಲಿಲ್ಲ. ಮಾತು ಕೇಳಿಸದೆ ಬರೀ ತಲೆ ಅಲ್ಲಾಡುವುದನ್ನು ನೋಡುತ್ತಾ ನಿಲ್ಲುವುದಿದೆಯಲ್ಲ, ಅಂಥ ಶಿಕ್ಷೆ ನನ್ನ ವೈರಿಗೂ ಬೇಡ.

ಸ್ವಲ್ಪ ಹೊತ್ತಿಗೆ ಇಬ್ಬರೂ ಬಾಗಿಲಿಗೆ ಬಂದರು. ಆ ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ನಮ್ಮ ಕಡೆಯ ಮಾತು.

"ಸರ್ರ, ಪೆಟ್ಟಿಗಿ ಭಾಳ ಉದ್ದ ಐತ್ರಿ, ಎಕ್ಸ್‌ರೇ ಮಷಿನ್‌ದಾಗ ಹಿಡಿಯಂಗಿಲ್ರಿ. ಸೈಕಲ್ ಒಯ್ಯೂದಿದ್ರ ಮೊದಲ ಬುಕ್ ಮಾಡಬೇಕ್ರಿ. ಇವತ್ತ ಲಗೇಜ್ ಜಾಗಾನೂ ತುಂಬೇತ್ರಿ."

"ಮೊದಲ ಅಂದ್ರ ಯಾವಾಗ? ನಮಗ ಗೊತ್ತಾಗಿದ್ದ ನಿನ್ನೆ!"

"ನನ್ನ ಕೈಯಾಗ ಇಲ್ರಿ ಸರ್ರ. ನಾ ಮ್ಯಾನೇಜರ್ ಸಾಹೇಬ್ರಿಗೂ ಕೇಳೇನ್ರಿ."

ಅಷ್ಟೇ. ಮಂಗಳವಾರ ಮಧ್ಯಾಹ್ನದಿಂದ ನುಂಗಿಕೊಂಡಿದ್ದೆಲ್ಲ ಆ ಹುಡುಗಿಯ ಮೇಲೆ ಹೊರಬಿತ್ತು. ಕೋಟು ಹಾಕಿಕೊಂಡು ಲಿಪ್‌ಸ್ಟಿಕ್ ಬಳಕೊಂಡು ನಿಲ್ಲುವ ನಿಮ್ಮಂಥವರಿಗೆ ಬೆವರು ಅಂದರೇನು ಗೊತ್ತು ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುವಂಥವು. ಸಾಲು ನಿಂತ ಜನ ತಿರುಗಿ ನೋಡಿದರು. ಪೊಲೀಸಿನವನು ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ಸರಿಸಿದ. ಆ ಹುಡುಗಿಯ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು.

"ಅಪ್ಪಾ!" ಎಂದಳು ಮಗಳು. ಅವಳು ನನ್ನನ್ನು ಹಾಗೆ ಗದರಿಸಿದ್ದು ಅದೇ ಮೊದಲು. "ಅಕ್ಕಾರಿಗೆ ಯಾಕ ಒದರ್ತಿ? ಅವರೇನ್ ಮಾಡ್ಯಾರ? ಸುಮ್ಮನಾಗು."

ಅವಳು ನೆಲದ ಮೇಲೆ ಕೂತು ಪೆಟ್ಟಿಗೆಯ ಟೇಪನ್ನು ಹಲ್ಲಿನಿಂದ ಹರಿದಳು. ಒಳಗಿನಿಂದ ತನ್ನ ಬೂಟು, ಪೆಡಲ್, ಹೆಲ್ಮೆಟ್ಟು, ಸೀಟು ತೆಗೆದು ಬ್ಯಾಗಿಗೆ ತುಂಬಿದಳು. "ನಾ ಹೊಕ್ಕೇನಿ. ಅಲ್ಲೆ ಯಾರದರೆ ಸೈಕಲ್ ಇಸ್ಕೊಂಡು ಹೊಡೀತೇನಿ. ಇಲ್ಲೆ ನಿಂತು ಅತ್ರ ಏನೂ ಆಗಂಗಿಲ್ಲ" ಎಂದಳು. ಕೌಂಟರ್ ಮುಚ್ಚುವ ಹೊತ್ತು ಆಗಲೇ ದಾಟಿತ್ತು. ನನ್ನಿಂದ ಅಷ್ಟು ಬೈಸಿಕೊಂಡ ಆ ಹುಡುಗಿಯೇ ಕಣ್ಣು ಒರೆಸಿಕೊಂಡು, "ಬಾ ತಂಗಿ, ಲಗೂನ ಬಾ, ನಾ ಹೇಳ್ತೀನಿ ಅವರಿಗೆ" ಎಂದು ನನ್ನ ಮಗಳ ಕೈ ಹಿಡಿದು ಒಳಗೆ ಓಡಿದಳು.

ವಿಮಾನ ಹಾರುವ ತನಕ ಕಾದು, ನಾನು ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಗಾಡಿಗೆ ಹಾಕಿಸಿಕೊಂಡು ತಿರುಗಿದೆ. ಸಂಜೆ ನಾಲ್ಕಕ್ಕೆ ಮಗಳ ಫೋನ್ ಬಂತು, "ಮುಟ್ಟಿದೆ ಅಪ್ಪಾ" ಎಂದಳು. ಆಗ ನಾವಿನ್ನೂ ಮೂಡಲಗಿಯನ್ನೂ ದಾಟಿರಲಿಲ್ಲ. ದಿಲ್ಲಿ ಎರಡೂವರೆ ಗಂಟೆ ಎಂದ ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಒಂದಕ್ಷರವೂ ಸುಳ್ಳಿಲ್ಲದ ಮಾತಿನಿಂದ ಒಬ್ಬರ ಕಾಲು ಮುರಿಯಬಹುದು ಎಂದು ನನಗೆ ಅವತ್ತು ಗೊತ್ತಾಯಿತು. ಅವನ ಎರಡೂವರೆ ಗಂಟೆಯಲ್ಲಿ ಮಹಾಲಿಂಗಪುರದ ರಸ್ತೆ ಇರಲಿಲ್ಲ, ನನ್ನ ಮಗಳ ಕೊಯ್ದ ಅಂಗೈ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲೇ ಹುಟ್ಟಿ ಬೆಳೆದವನಿಗೆ ಮಾತ್ರ ದಿಲ್ಲಿ ಎರಡೂವರೆ ಗಂಟೆ.

ಮರುದಿನದ ಕಥೆಯನ್ನು ಮಗಳು ಆಮೇಲೆ ತುಣುಕು ತುಣುಕಾಗಿ ಹೇಳಿದ್ದು. ಒಟ್ಟಿಗೆ ಕೂತು ಹೇಳಲೇ ಇಲ್ಲ. ಪಂಜಾಬಿನ ಹುಡುಗಿಯೊಬ್ಬಳು ತನ್ನ ಓಟ ಮುಗಿದ ಮೇಲೆ ತನ್ನ ಸೈಕಲ್ ಕೊಟ್ಟಳಂತೆ. ಒಳ್ಳೆಯ ಹುಡುಗಿ, ಸೈಕಲ್ಲೂ ಒಳ್ಳೆಯದೇ. ಆದರೆ ಅವಳು ಇವಳಿಗಿಂತ ಒಂದು ಗೇಣು ಎತ್ತರ. ಇವಳ ಸೀಟಿನ ಕಂಬಿ ಆ ಸೈಕಲ್ಲಿನ ಕೊಳವೆಯೊಳಗೆ ಇಳಿಯಲಿಲ್ಲ. ಅವಳ ಸೀಟನ್ನೇ ಕೆಳಗಿಳಿಸಲು ಹೋದರೆ ಪೂರ್ತಿ ಇಳಿಸಿದರೂ ಇವಳ ಕಾಲಿಗೆ ಎತ್ತರವೇ. ಪೆಡಲ್ ಮಾತ್ರ ಇವಳದು ಕೂತಿತು. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ ಅದು. ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತಿತ್ತಂತೆ. ಅಂಗೈಯ ಗಾಯಕ್ಕೆ ಸುತ್ತಿದ್ದ ಬಟ್ಟೆ ಅರ್ಧ ಹಾದಿಯಲ್ಲೇ ಬಿಚ್ಚಿತಂತೆ.

ಆರು ಜನರನ್ನು ಆರಿಸಿದರು. ಇವಳು ಏಳನೆಯವಳು. ಆರನೆಯವಳಿಗೂ ಇವಳಿಗೂ ಹನ್ನೊಂದು ಸೆಕೆಂಡಿನ ಅಂತರ.

"ಸೀಟು ಸರಿ ಇದ್ದಿದ್ರ?" ಎಂದು ಗುರುಗಳು ಫೋನಿನಲ್ಲಿ ಕೇಳಿದರಂತೆ. "ಗೊತ್ತಿಲ್ರಿ ಗುರುಗಳ. ಅದನ್ನ ಕೇಳಬ್ಯಾಡ್ರಿ" ಎಂದಳಂತೆ.

ಶನಿವಾರ ಅವಳನ್ನು ಕರೆತರಲು ಮತ್ತೆ ಸಾಂಬ್ರಾಕ್ಕೆ ಹೋದೆ. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದಾಗ ಆ ನೀಲಿ ಕೋಟಿನ ಹುಡುಗಿ ಕೆಲಸ ಮುಗಿಸಿ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ನನ್ನನ್ನು ಗುರುತು ಹಿಡಿದು ನಿಂತಳು. ನಾನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳೇ ಮೊದಲು ಕೇಳಿದಳು. "ಸರ್ರ, ತಂಗೀದು ಏನಾತ್ರಿ?"

"ಆಗಲಿಲ್ಲವ್ವ" ಎಂದೆ. "ಅವತ್ತ ನಾ ನಿನಗ..." ಎಂದು ಶುರು ಮಾಡಿದೆ.

"ಬಿಡ್ರಿ ಸರ್ರ. ನಮ್ಮಪ್ಪನೂ ನಿಮ್ಮಂಗ ಒದರ್ತಾನ್ರಿ" ಎಂದು ಅವಳು ಸಣ್ಣಗೆ ನಕ್ಕು ಬಸ್ ನಿಲ್ಲುವ ಕಡೆ ಹೋದಳು. ಸಿಟ್ಟಿನ ಬಗ್ಗೆ ನಾನು ಕಲಿತ ಪಾಠ ಅದೊಂದೇ. ಕಲಿತು ಬಿಟ್ಟೆನೆಂದು ಹೇಳಲಾರೆ. ಸಿಟ್ಟನ್ನು ಯಾರಿಗೆ ಮುಟ್ಟಿಸಬೇಕೋ ಅವರಿಗೇ ಮುಟ್ಟಿಸಬೇಕು ಎಂದಷ್ಟೇ ಗೊತ್ತಾಯಿತು.

ಮುಟ್ಟಿಸುವ ವಿಳಾಸ ಅದೇ ದಿನ ಸಿಕ್ಕಿತು. ಗಾಡಿಯಲ್ಲಿ ಮಗಳು ತನ್ನ ಫೋನು ನನ್ನ ಕೈಗೆ ಕೊಟ್ಟಳು. ದಿಲ್ಲಿಯ ಕ್ರೀಡಾಂಗಣದ ಫಲಕಕ್ಕೆ ಅಂಟಿಸಿದ್ದ ಸುತ್ತೋಲೆಯ ಫೋಟೋ. ಆಯ್ಕೆಯ ದಿನ, ಜಾಗ, ಹೊತ್ತು, ಎಲ್ಲ ರಾಜ್ಯಗಳ ಸಂಘಗಳಿಗೆ ಎಂದು ಬರೆದಿತ್ತು. ಮೇಲೆ ಬಲಕ್ಕೆ ಅದನ್ನು ಕಳಿಸಿದ ತಾರೀಖು. ನಾನು ಎರಡು ಸಲ ಎಣಿಸಿದೆ. ಆಯ್ಕೆಗೆ ಹದಿನೆಂಟು ದಿನ ಮೊದಲಿನದು.

"ಬೆಂಗಳೂರಿನ ಹುಡುಗೇರು ವಾರದ ಹಿಂದ ಬಂದಿದ್ರಪ್ಪಾ" ಎಂದಳು. "ಅಲ್ಲಿ ಟ್ರ್ಯಾಕ್ ಮ್ಯಾಲ ಪ್ರ್ಯಾಕ್ಟೀಸ್ ಮಾಡಾಕತ್ತಿದ್ರು."

ಆ ಹದಿನೆಂಟು ದಿನದಲ್ಲಿ ಮೂರು ಸೋಮವಾರ ನಾನೇ ಆ ಮನುಷ್ಯನಿಗೆ ಫೋನ್ ಮಾಡಿದ್ದೆ.

ಮುಂದಿನ ವಾರ ರಜೆ ಹಾಕಿ ಬೆಂಗಳೂರಿನ ಬಸ್ಸು ಹತ್ತಿದೆ. ಸಂಘದ ಕಚೇರಿ ಕ್ರೀಡಾಂಗಣವೊಂದರ ಕೆಳಗಿನ ಕೋಣೆ. ಹನ್ನೊಂದು ಗಂಟೆಗೆ ಬಂದ ಕಾರ್ಯದರ್ಶಿ ನನ್ನನ್ನು ನೋಡಿ, "ಅರೆ ಮೇಷ್ಟ್ರೇ, ಹೇಳಿದ್ರೆ ಕಾರ್ ಕಳಿಸ್ತಿದ್ನಲ್ಲ" ಎಂದರು. ನಾನು ಆ ಸುತ್ತೋಲೆಯ ಪ್ರತಿಯನ್ನು ಅವರ ಮೇಜಿನ ಮೇಲೆ ಇಟ್ಟೆ.

"ಇದು ನಿಮಗೆ ಯಾವತ್ತು ಬಂತು?"

ಅವರು ಕನ್ನಡಕ ಹಾಕಿಕೊಂಡು ಓದಿದರು. "ಮೇಲ್‌ನಲ್ಲಿ ಬಂದಿರುತ್ತೆ ಸಾರ್. ನಮ್ ಹುಡುಗ್ರು ನೋಡಿರಲ್ಲ."

"ಬೆಂಗಳೂರಿನ ಹುಡುಗಿಯರಿಗೆ ಹೇಗೆ ಗೊತ್ತಾಯಿತು?"

"ಅವರು ದಿನಾ ಇಲ್ಲೇ ಬರ್ತಾರೆ. ಬಾಯಿಮಾತಲ್ಲಿ ಗೊತ್ತಾಗುತ್ತೆ. ನೀವು ದೂರ ಇದೀರ. ನಾವೇನು ಮಾಡಕ್ಕಾಗುತ್ತೆ?"

ಅವರ ಹಿಂದಿನ ಗೋಡೆಯಲ್ಲಿ ಕರ್ನಾಟಕದ ದೊಡ್ಡ ನಕ್ಷೆ ತೂಗುಹಾಕಿದ್ದರು. ನಾನು ಅದನ್ನು ತೋರಿಸಿ, "ನಮ್ಮ ಊರು ಎಲ್ಲಿದೆ ತೋರಿಸಿ" ಎಂದೆ.

"ಏನ್ ಸಾರ್ ಇದು, ಪರೀಕ್ಷೆನಾ?"

"ಹೌದು. ನಾನು ಮಾಸ್ತರ. ಎದ್ದು ತೋರಿಸಿ. ದೂರ ಇದೀರ ಅಂದಿರಲ್ಲ, ಎಷ್ಟು ದೂರ ಅಂತ ನನಗೂ ನೋಡಬೇಕು."

ಏನನ್ನಿಸಿತೋ, ಅವರು ಎದ್ದರು. ಬೆರಳು ನಕ್ಷೆಯ ಮೇಲೆ ಅಲೆದಾಡಿತು. ಹಂಪಿಯ ಹತ್ತಿರ ನಿಂತಿತು, ಅಲ್ಲಿಂದ ಬಳ್ಳಾರಿಗೆ ಹೋಯಿತು. "ಇಲ್ಲೆಲ್ಲೋ ಬರುತ್ತಲ್ಲ, ಬಾರ್ಡರ್ ಹತ್ರ" ಎಂದರು. ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ. ಹಿಡಿತ ಸ್ವಲ್ಪ ಬಿಗಿಯೇ ಇತ್ತು. ಆ ಬೆರಳನ್ನು ಒಯ್ದು ಕೃಷ್ಣೆಯ ನೀಲಿ ಗೆರೆಯ ಕೆಳಗೆ ಒತ್ತಿದೆ. "ಇದು ರಬಕವಿ ಬನಹಟ್ಟಿ. ಇದು ಜಮಖಂಡಿ. ಇದು ಮುಧೋಳ, ಇದು ಬೀಳಗಿ. ಇಲ್ಲಿಂದ ನಿಮ್ಮ ತಂಡಕ್ಕೆ ಎಷ್ಟು ಪದಕ ಬಂದಿವೆ ಅಂತ ನಿಮ್ಮ ಕಪಾಟಿನೊಳಗೆ ನೋಡಿ. ಪದಕ ಇಡೋವಾಗ ನಾವು ದೂರ ಇರಲಿಲ್ಲ. ಒಂದು ಫೋನ್ ಮಾಡೋವಾಗ ದೂರ ಆದೆವು."

"ಕೈ ಬಿಡಿ ಸಾರ್. ಆಗಿದ್ದು ಆಗೋಯ್ತು" ಎಂದರು. ಬಾಗಿಲಲ್ಲಿ ಇಬ್ಬರು ಬಂದು ನಿಂತಿದ್ದರು. ನಾನು ಕೈ ಬಿಟ್ಟೆ. ಲಿಖಿತ ದೂರು ಕೊಟ್ಟು, ಅದರ ಮೇಲೆ ಮೊಹರು ಹಾಕಿಸಿಕೊಂಡು ಹೊರಬಂದೆ. ಬಸ್ ನಿಲ್ದಾಣದವರೆಗೆ ನಡೆದೇ ಹೋದೆ. ಹೊಡೆದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಹೆದರಿಕೆ, ಹೊಡೆಯಲಿಲ್ಲವಲ್ಲ ಎಂದು ಸಂಕಟ.

ದೂರಿಗೆ ಉತ್ತರ ಬರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಕಡೆ ಸೈಕಲ್ ಹೊಡೆಯುವ ಮಕ್ಕಳ ತಂದೆತಾಯಿಯರನ್ನು ಗುರುಗಳು ಒಂದು ಭಾನುವಾರ ಸೇರಿಸಿದರು. ನನಗೆ ಆಗಿದ್ದು ನನ್ನೊಬ್ಬನಿಗೇ ಆಗಿದ್ದಲ್ಲ ಎಂದು ಅವತ್ತು ತಿಳಿಯಿತು. ಮುಧೋಳದ ತಾಯಿಯೊಬ್ಬಳು, "ನಮ್ಮ ಹುಡುಗಗ ಆಯ್ಕಿ ಮುಗದ ಮ್ಯಾಲ ಫೋನ್ ಮಾಡ್ಯಾರ್ರಿ. ಅದಕೂ ನಾನ ಸಾರಿ ಅಂದೇನ್ರಿ" ಎಂದಳು. ಇಪ್ಪತ್ತೇಳು ಜನ ರುಜು ಮಾಡಿ ಮೇಲಿನ ಇಲಾಖೆಗೆ ಬರೆದೆವು. ಮೂರು ಸಲ ಬರೆದೆವು. ಕಡೆಗೆ ಸುತ್ತೋಲೆಗಳನ್ನು ಬಂದ ದಿನವೇ ಎಲ್ಲ ತರಬೇತುದಾರರ ಫೋನಿಗೂ ಕಳಿಸಬೇಕೆಂದು ಆದೇಶವಾಯಿತು. ಆ ಕಾರ್ಯದರ್ಶಿ ಅದೇ ಕುರ್ಚಿಯಲ್ಲಿ ಇನ್ನೂ ಇದ್ದಾರೆ.

ಮಗಳು ನಾಲ್ಕು ತಿಂಗಳು ಸೈಕಲ್ ಮುಟ್ಟಲಿಲ್ಲ. ಅದು ಪಡಸಾಲೆಯಲ್ಲಿ ಗಾಲಿ ಬೇರೆ ಕಂಬಿ ಬೇರೆಯಾಗಿ ಅವ್ವನ ಸೀರೆ ಸುತ್ತಿಕೊಂಡೇ ಬಿದ್ದಿತ್ತು. ನಾವು ಯಾರೂ ಬಿಚ್ಚಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಸೀರೆಗಳು ಮಡಚಿ ಕಟ್ಟೆಯ ಮೇಲಿದ್ದವು, ಸೈಕಲ್ ಇರಲಿಲ್ಲ. ಹೆಂಡತಿ ಗಾಬರಿಯಾಗಿ ಹೊರಗೆ ಓಡಿದಳು. ಒಂಬತ್ತಕ್ಕೆ ಮಗಳು ತಾನೇ ಜೋಡಿಸಿಕೊಂಡ ಸೈಕಲ್ ಮೇಲೆ ಬೆವರಿ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದಕ್ಕೆ, "ಗಲಗಲಿ ಹೊಳಿ ತನಾ" ಎಂದಳು. ನೀರು ಕುಡಿದು ಮಲಗಿದಳು.

ಹಿರಿಯರ ವಿಭಾಗದಲ್ಲಿ ಎರಡು ವರ್ಷ ಪಂದ್ಯಕ್ಕೆ ಹೋದಳು. ಅಲ್ಲಿ ಶಿಬಿರಗಳಲ್ಲಿ ವರ್ಷಗಟ್ಟಲೆ ಪಳಗಿದ ಹುಡುಗಿಯರ ಮುಂದೆ ಇವಳ ಆಟ ನಡೆಯಲಿಲ್ಲ. ಆ ಶಿಬಿರವೇ ಇವಳಿಗೆ ಹನ್ನೊಂದು ಸೆಕೆಂಡಿನಲ್ಲಿ ತಪ್ಪಿದ್ದು. ಈಗ ಜಮಖಂಡಿಯಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದಾಳೆ, ಬೆಳಿಗ್ಗೆ ಗುರುಗಳ ಜೊತೆ ಸಣ್ಣ ಹುಡುಗಿಯರಿಗೆ ಕಲಿಸುತ್ತಾಳೆ. ಅವಳು ಚೆನ್ನಾಗಿದ್ದಾಳೆ. ನಗುತ್ತಾಳೆ. ನಾನೇ ನಗಲಾರದವನು.

ಈ ಸಲದ ಕಿರಿಯರ ಆಯ್ಕೆಗೆ ಅವಳ ಕೈಕೆಳಗಿನ ಹುಡುಗಿಯೊಬ್ಬಳ ಹೆಸರು ಬಂತು. ಗಲಗಲಿಯ ರೈತರ ಮಗಳು. ಸುತ್ತೋಲೆ ಇಪ್ಪತ್ತು ದಿನ ಮೊದಲೇ ಬಂದಿತ್ತು. ಆ ಹುಡುಗಿಯ ಅಪ್ಪ ನನ್ನ ಹತ್ತಿರ ಬಂದು, "ಮಾಸ್ತರ್ರ, ವಿಮಾನದಾಗ ಕಳಸೂಣೇನ್ರಿ? ಲಗೂ ಮುಟ್ಟತಾಳು ಅಂತಾರ" ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ಮಗಳು ಹೇಳಿದಳು. "ಬ್ಯಾಡ್ರಿ ಕಾಕಾ. ರೈಲಿಗೆ ಹೋಗೂಣು. ಐದು ದಿವಸ ಮೊದಲ ಹೋಗೂಣು. ಸೈಕಲ್ ನಮ್ಮ ಕೂಡ ಬರತೈತಿ, ನಾನೂ ಬರತೇನಿ."

ಅವರನ್ನು ಬಿಡಲು ನಾನು ಮಿರಜಕ್ಕೆ ಹೋದೆ. ಪಾರ್ಸಲ್ ಕಚೇರಿಯ ಗುಮಾಸ್ತ ಸೈಕಲ್ಲಿಗೆ ಸುತ್ತಿದ ಗೋಣಿಯನ್ನು ನೋಡಿ, ಇನ್ನೊಂದು ಫಾರಂ ಬೇಕು, ಅದನ್ನು ಕೊಡುವವರು ಊಟಕ್ಕೆ ಹೋಗಿದ್ದಾರೆ ಎಂದ. ನನ್ನ ಕಿವಿ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನ ಮುಂದೆ ಬಂದು ನಿಂತಳು.

"ಅಪ್ಪಾ, ನೀ ಹೋಗಿ ಚಹಾ ಕುಡದು ಬಾ. ರೈಲಿಗೆ ಇನ್ನೂ ಮೂರು ತಾಸು ಐತಿ."

ನಾನು ಹೋಗಲಿಲ್ಲ. ಅವಳ ಹಿಂದೆಯೇ ಹಲ್ಲು ಕಚ್ಚಿ ನಿಂತೆ. ಮುಕ್ಕಾಲು ತಾಸಿಗೆ ಊಟಕ್ಕೆ ಹೋದವನು ಬಂದ, ಫಾರಂ ಕೊಟ್ಟ. ಮಗಳು ಅದನ್ನು ಬರೆದು, ಎರಡು ಸಲ ಓದಿ, ಮೊಹರು ಹಾಕಿಸಿದಳು. ರೈಲು ಬಂದಾಗ ಸೈಕಲ್ಲನ್ನು ಲಗೇಜ್ ಡಬ್ಬಿಗೆ ಅವಳೇ ಹತ್ತಿ ಇಟ್ಟು, ಹಗ್ಗ ಬಿಗಿದು, ಅಲುಗಾಡಿಸಿ ನೋಡಿದಳು. ಗಲಗಲಿಯ ಹುಡುಗಿ ಪ್ಲಾಟ್‌ಫಾರಮ್ಮಿನ ಮೇಲೆ ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದಳು. ಡಬ್ಬಿಯ ಬಾಗಿಲು ಹಾಕಿ ಬೀಗ ಬೀಳುವ ತನಕ ಇಬ್ಬರೂ ಅಲ್ಲಿಂದ ಕದಲಲಿಲ್ಲ. ಆಮೇಲೆ ತಮ್ಮ ಬೋಗಿಯ ಕಡೆ ಓಡಿದರು.